ವಕ್ತೃಗಳ ಪಟ್ಟಿಯಲ್ಲಿ ಅವ್ವ

ಸಂಶೋಧನಾ ಪ್ರಬಂಧಗಳನ್ನು ಹಿಂದಿನಿಂದ ಮುಂದಕ್ಕೆ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮೊದಲ ಪುಟಗಳಲ್ಲಿ ಕೃತಜ್ಞತೆ ಇರುತ್ತದೆ. ಮಾರ್ಗದರ್ಶಕರಿಗೆ, ವಿಭಾಗದ ಮುಖ್ಯಸ್ಥರಿಗೆ, ಅಂದವಾಗಿ ಬೆರಳಚ್ಚು ಮಾಡಿಕೊಟ್ಟವರಿಗೆ, ರಾತ್ರಿ ಕಾಫಿ ಕಾಯಿಸಿಕೊಟ್ಟ ಹೆಂಡತಿಗೆ. ನಮ್ಮ ಜನ ಅಲ್ಲಿ ಸಿಗುವುದಿಲ್ಲ. ಪರಾಮರ್ಶನ ಗ್ರಂಥಗಳೂ ಮುಗಿದ ಮೇಲೆ ಅನುಬಂಧ ಅಂತ ಒಂದು ಬರುತ್ತದೆ, ಅದರಲ್ಲಿ ‘ವಕ್ತೃಗಳ ಪಟ್ಟಿ’ ಅಂತ ಇರುತ್ತದೆ. ನಮ್ಮವರು ಸಿಗುವುದು ಅಲ್ಲಿ, ಸಾಲಾಗಿ ನಿಂತುಕೊಂಡು, ಊರ ಹೊರಗೆ ಕೇರಿ ಇದ್ದ ಹಾಗೆ.

ನನ್ನ ಅವ್ವ ನನಗೆ ಸಿಕ್ಕಿದ್ದೂ ಅಂಥ ಒಂದು ಪಟ್ಟಿಯಲ್ಲೇ. ಬಿ.ಎಡ್. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದ ದಿನಗಳು. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊತ್ತು ಕಳೆಯಲು ಹೋದವನ ಕೈಗೆ ನಮ್ಮ ಸೀಮೆಯ ಜನಪದ ಗೀತೆಗಳ ಮೇಲಿನ ಪ್ರಬಂಧ ಸಿಕ್ಕಿತು. ಅನುಬಂಧ ತೆಗೆದೆ. ನಮ್ಮೂರ ಹೆಸರು, ಅದರ ಮುಂದೆ ಅವ್ವನ ಹೆಸರು. ಹೆಸರಲ್ಲಿ ಒಂದು ಅಕ್ಷರ ತಪ್ಪು. ವಯಸ್ಸು 60. ಜಾತಿ: ಹರಿಜನ. ವೃತ್ತಿ: ಕೂಲಿ. ವಿದ್ಯಾಭ್ಯಾಸ: ಅನಕ್ಷರಸ್ಥೆ. ಅವರು ಬಂದುಹೋದ 1984ರಲ್ಲಿ ಅವ್ವನಿಗೆ ನಲವತ್ತೂ ತುಂಬಿರಲಿಲ್ಲ. ಬಿಸಿಲಲ್ಲಿ ಬೆಂದ ಮುಖ ನೋಡಿ ಇಪ್ಪತ್ತು ವರ್ಷ ಸೇರಿಸಿಕೊಂಡಿದ್ದರು.

ಆ ಸಂಶೋಧಕರು ಕೆಟ್ಟವರೇನಲ್ಲ. ಊರ ಮುಂದಲ ಹೋಟೆಲಲ್ಲಿ ಕೂತು ಹೇಳಿ ಕಳಿಸಲಿಲ್ಲ, ನಮ್ಮ ಹಟ್ಟಿಯೊಳಕ್ಕೇ ಬಂದರು, ನಮ್ಮ ಜಗಲಿ ಮೇಲೇ ಕೂತರು. ನೀರು ಕೇಳಲಿಲ್ಲ, ಆ ಮಾತು ಬೇರೆ. ನಾನಾಗ ಆರನೇ ಕ್ಲಾಸು. ಟೇಪ್ ರೆಕಾರ್ಡರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವ್ವ ಎರಡು ದಿನದ ಕೂಲಿ ಬಿಟ್ಟು ಹಾಡಿದಳು. ಸೋಬಾನೆ, ರಾಗಿ ಬೀಸೋ ಪದ, ನಾಟಿ ಪದ, ಮಾದಪ್ಪನ ಮೇಲಿನ ಪದ. ಅವಳದೊಂದು ಚಾಳಿ ಇತ್ತು. ಒಂದು ಪದ ಮುಗಿಯುತ್ತಿದ್ದಂಗೆ ಮಾತಿಗೆ ಇಳಿಯೋಳು.

‘ಈ ಪದವ ನಾ ಕಲ್ತದ್ದು ಗದ್ದೇಲಿ ಬುದ್ಧಿ, ನಮ್ಮಯ್ಯನ ಜೀತಕ್ಕೆ ಬುಟ್ಟಿದ್ದ ವರ್ಸ...’

ಟಕ್. ಅವರು ಗುಂಡಿ ಒತ್ತಿ ನಿಲ್ಲಿಸೋರು. ‘ಪದ ಮಾತ್ರ ಸಾಕಮ್ಮ, ಕ್ಯಾಸೆಟ್ ಮುಗಿದೋಗ್ತದೆ.’ ಅವ್ವ ನಕ್ಕು ಇನ್ನೊಂದು ಪದ ಎತ್ತೋಳು. ಅದು ಮುಗಿದರೆ ಮತ್ತೆ ಮಾತು, ಮತ್ತೆ ಟಕ್. ಆ ಎರಡು ದಿನದ ಪದಗಳಲ್ಲಿ ಎಷ್ಟೋ ನನಗೀಗ ನೆನಪಿಲ್ಲ. ಆ ಟಕ್ ಅನ್ನೋ ಸದ್ದು ಮಾತ್ರ ನೆನಪಿದೆ.

ಪ್ರಬಂಧದಲ್ಲಿ ಅವಳ ನಲವತ್ತು ಚಿಲ್ಲರೆ ಪದ ಇವೆ. ಛಂದಸ್ಸಿನ ವಿಚಾರ ಇದೆ, ತ್ರಿಪದಿಯ ಗಣವಿಭಾಗ ಇದೆ. ಜನಪದ ಗೀತೆಗಳಲ್ಲಿ ಗ್ರಾಮೀಣ ಬದುಕಿನ ಸಾಮರಸ್ಯ ಅಂತಲೇ ಒಂದು ಇಡೀ ಅಧ್ಯಾಯ ಇದೆ. ಜೀತ ಅನ್ನುವ ಎರಡಕ್ಷರ ಎಲ್ಲೂ ಇಲ್ಲ. ಸಾಮರಸ್ಯ ಬಂದದ್ದಾದರೂ ಎಲ್ಲಿಂದ? ನಮ್ಮೂರ ಗದ್ದೆಯಿಂದಲಂತೂ ಅಲ್ಲ. ಟೇಪ್ ರೆಕಾರ್ಡರಿನ ಆ ಗುಂಡಿಯಿಂದ ಬಂತು.

ಇದು ಒಬ್ಬರ ತಪ್ಪಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಕನ್ನಡದ ಜನಪದ ಸಂಶೋಧನೆ ಹುಟ್ಟಿನಿಂದಲೂ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಲೇ ಬೆಳೆದಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದರು. ಅಚ್ಚಿನ ಮನೆಗೆ ಹಳ್ಳಿ ಹೆಂಗಸಿನ ದನಿ ತಂದ ಅವರ ಋಣ ದೊಡ್ಡದು, ಅದನ್ನು ಇಲ್ಲ ಅನ್ನಲಾರೆ. ಆದರೆ ಆ ಹೆಸರನ್ನು ಒಂದು ಗಳಿಗೆ ನೋಡಿ. ಗರತಿ! ಒಡೆಯನ ಹೊಲದಲ್ಲಿ ಕಳೆ ಕೀಳುವವಳು, ಸೂಲಗಿತ್ತಿಯಾಗಿ ಊರ ಮಕ್ಕಳನ್ನೆಲ್ಲ ನೆಲಕ್ಕಿಳಿಸಿಯೂ ಆ ಮನೆಗಳ ಹೊಸಿಲು ದಾಟದವಳು, ಗುಡಿ ಮುಂದೆ ಬಸವಿ ಬಿಟ್ಟವಳು, ಇವರೆಲ್ಲ ಗರತಿಯರೋ ಅಲ್ಲವೋ? ಹಾಡುವುದು ಇವರೂ ಹಾಡುತ್ತಾರೆ. ಹೆಸರು ಇಟ್ಟ ದಿನವೇ ಯಾರ ಹಾಡು ಹಾಡು, ಯಾರದು ಗದ್ದಲ ಅನ್ನುವುದು ಅರ್ಧ ತೀರ್ಮಾನವಾಗಿ ಹೋಯಿತು. ಮುಂದೆ ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗಗಳು ಹುಟ್ಟಿ, ಊರೂರಿಗೆ ಟೇಪ್ ರೆಕಾರ್ಡರ್ ಬಂದಾಗ, ಹಾಡಿದವರು ವಕ್ತೃಗಳಾದರು, ಬರೆದುಕೊಂಡವರು ಡಾಕ್ಟರಾದರು. ಒಬ್ಬರು ಸತ್ತು ಮಣ್ಣಾದರು, ಇನ್ನೊಬ್ಬರು ರೀಡರ್ ಆಗಿ ಪ್ರೊಫೆಸರ್ ಆಗಿ ನಿವೃತ್ತರಾದರು.

ಹೀಗೇ ಆಗಬೇಕಿತ್ತು ಅಂತೇನಿಲ್ಲ. ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನ ಬಲ್ಲವರು. ಫಿನ್ಲೆಂಡಿನ ಲೌರಿ ಹಾಂಕೊ 1990ರ ಡಿಸೆಂಬರಿನಲ್ಲಿ ಅವರಿಂದ ಅದನ್ನು ದಿನಗಟ್ಟಲೆ ಹಾಡಿಸಿ ರೆಕಾರ್ಡ್ ಮಾಡಿಕೊಂಡರು. ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಜೊತೆಗಿದ್ದರು. 1998ರಲ್ಲಿ ಅಚ್ಚಾಗಿ ಬಂದಾಗ 15,683 ಸಾಲು. ಆ ಪುಸ್ತಕದ ಹೆಸರಿನಲ್ಲೇ ಗೋಪಾಲ ನಾಯ್ಕರ ಹೆಸರಿದೆ, ಅವರು ಹಾಡಿದ ಸಿರಿ ಕಾವ್ಯ ಅಂತ. ಹಾಡುಗಾರ ಹೇಗೆ ನೆನಪಿಟ್ಟುಕೊಳ್ಳುತ್ತಾನೆ, ಎಲ್ಲಿ ಹಿಗ್ಗಿಸುತ್ತಾನೆ, ಯಾಕೆ ಹಾಡುತ್ತಾನೆ ಅನ್ನುವುದನ್ನೇ ಜೊತೆಗೊಂದು ದೊಡ್ಡ ಸಂಪುಟದಲ್ಲಿ ಚರ್ಚಿಸಿದ್ದಾರೆ. ಕಡಲಾಚೆಯಿಂದ ಬಂದವನಿಗೆ ಹಾಡುಗಾರ ಒಬ್ಬ ಕವಿಯಾಗಿ ಕಂಡ, ಪಕ್ಕದ ತಾಲ್ಲೂಕಿನಿಂದ ಬಂದವರಿಗೆ ಪದ ತುಂಬಿದ ಮೂಟೆಯಾಗಿ ಕಂಡ. ಬಿಳಿಯರನ್ನು ಹೊಗಳುವ ಚಪಲ ನನಗಿಲ್ಲ. ಅವರ ಹಿಂದೆ ಹಣವಿತ್ತು, ಕಾಲವಿತ್ತು, ಕ್ಯಾಸೆಟ್ ಮುಗಿದೀತೆಂಬ ಭಯವಿರಲಿಲ್ಲ. ಆದರೂ ಹೆಸರನ್ನು ಸರಿಯಾಗಿ ಬರೆದುಕೊಳ್ಳಲು ಫಿನ್ಲೆಂಡಿನ ಹಣ ಬೇಕಾಗಿರಲಿಲ್ಲ.

ಇನ್ನು ಶಿಕ್ಷಣದ ಮೇಲಿನ ಸಂಶೋಧನೆಯ ಮಾತು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಬರೆದರೆ ಮೇಷ್ಟ್ರುಗಳು ಬೇಜಾರಾಗಬಾರದು, ನಾನೂ ನಿಮ್ಮವನೇ. ಪರಿಶಿಷ್ಟ ಜಾತಿಯ ಮಕ್ಕಳು ಅರ್ಧಕ್ಕೇ ಶಾಲೆ ಬಿಡುವುದೇಕೆ ಅನ್ನೋ ವಿಷಯದ ಮೇಲೆ ಎಂ.ಎಡ್. ಮಾಡುವವರು ಬರೆದಷ್ಟು ಯಾವುದರ ಮೇಲೂ ಬರೆದಿರಲಾರರು. ನನ್ನ ಶಾಲೆಗೂ ಪ್ರಶ್ನಾವಳಿ ಬರುತ್ತಾ ಇರುತ್ತವೆ. ಕಾರಣಗಳು ಮೊದಲೇ ಅಚ್ಚಾಗಿರುತ್ತವೆ. ಪೋಷಕರ ಅನಕ್ಷರತೆ, ಬಡತನ, ಪೋಷಕರ ನಿರಾಸಕ್ತಿ, ವಲಸೆ, ಮಗುವಿನ ಆರೋಗ್ಯ. ಸರಿ ಇರುವುದಕ್ಕೆ ಗುರುತು ಹಾಕಿ ಅಂತಾರೆ. ಗುರುತು ಹಾಕುವವರು ಯಾರು? ಹೆಡ್ ಮಾಸ್ಟರು. ಮೇಷ್ಟ್ರು ಏನಂತ ಬೈದರು, ಬೆಂಚಿನ ಮೇಲೆ ಯಾರ ಪಕ್ಕ ಕೂರಿಸಿದರು, ಕಕ್ಕಸು ತೊಳೆಯಲು ಯಾವ ಮಕ್ಕಳನ್ನು ಕಳಿಸಿದರು, ನೀರಿನ ಕೊಳಗದ ಹತ್ತಿರ ಯಾರನ್ನು ತಡೆದರು, ಈ ಸಾಲುಗಳು ಆ ಹಾಳೆಯಲ್ಲಿ ಇರುವುದಿಲ್ಲ. ಇದ್ದರೂ ತುಂಬುವವರು ನಾವೇ ಆದ್ದರಿಂದ ಖಾಲಿ ಉಳಿಯುತ್ತವೆ. ಕಡೆಗೆ ಪ್ರಬಂಧದ ಫಲಿತಾಂಶ ಏನು ಬರುತ್ತದೆ? ಮಗು ಶಾಲೆ ಬಿಡಲು ಅದರ ಅವ್ವನೇ ಕಾರಣ. ವಕ್ತೃಗಳ ಪಟ್ಟಿಯಲ್ಲಿ ‘ಅನಕ್ಷರಸ್ಥೆ’ ಆಗಿ ಬಂದವಳು ಇಲ್ಲಿ ಅದೇ ಬಿರುದಿನಿಂದ ಅಪರಾಧಿ.

ಈ ನಿರಾಸಕ್ತಿಯ ಕತೆ ಸುಳ್ಳು ಅಂತ ತೋರಿಸಿದ ಅಧ್ಯಯನವೂ ಇದೆ. ಉತ್ತರದ ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ 1996ರಲ್ಲಿ ಹಳ್ಳಿ ಸುತ್ತಿ ಮಾಡಿದ, 1999ರಲ್ಲಿ ಹೊರಬಂದ ‘ಪ್ರೋಬ್’ ವರದಿ. ಅವರು ಹೆಡ್ ಮಾಸ್ಟರನ್ನು ಬಿಟ್ಟು ತಂದೆತಾಯಿಗಳನ್ನೇ ಕೇಳಿದರು. ಗಂಡು ಮಗ ಓದುವುದು ಮುಖ್ಯ ಅಂದವರು ನೂರಕ್ಕೆ 98 ಜನ. ಹೆಣ್ಣು ಮಗಳು ಓದುವುದು ಮುಖ್ಯ ಅಂದವರು 89 ಜನ. ಅವರು ಹೋದ ಹೊತ್ತಿನಲ್ಲಿ ಎಷ್ಟೋ ಶಾಲೆಗಳಲ್ಲಿ ಪಾಠವೇ ನಡೆಯುತ್ತಿರಲಿಲ್ಲ. ಪ್ರಶ್ನೆ ಕೇಳುವ ಬಾಗಿಲು ಬದಲಾದರೆ ಉತ್ತರವೇ ತಿರುಗಿ ಕೂರುತ್ತದೆ. ಮಧ್ಯಾಹ್ನದ ಬಿಸಿಯೂಟದ ಮೇಲೆ ಸುಖದೇವ ಥೋರಟ್ ಮತ್ತು ಜೋಯಲ್ ಲೀ 2005ರಲ್ಲಿ ಬರೆದದ್ದೂ ಇಂಥದೇ. ಐದು ರಾಜ್ಯಗಳ 531 ಹಳ್ಳಿಗಳ ಅಧ್ಯಯನ ಅದು. ಎಷ್ಟು ಮಕ್ಕಳು ಉಂಡರು, ಎಷ್ಟು ಗ್ರಾಂ ಅಕ್ಕಿ ಅಂತ ಎಲ್ಲರೂ ಎಣಿಸುತ್ತಿದ್ದಾಗ ಇವರು ಅಡಿಗೆ ಮಾಡುವವರು ಯಾರು, ಊಟ ಹಾಕುವ ಜಾಗ ಯಾವ ಬೀದಿಯಲ್ಲಿದೆ ಅಂತ ಕೇಳಿದರು. ಸಣ್ಣ ಪ್ರಶ್ನೆಗಳು. ಯಾರಿಗೂ ಹೊಳೆಯದೆ ಇದ್ದದ್ದೇನಲ್ಲ. ಕೇರಿಯ ಮಗುವಿಗೆ ಹುಟ್ಟುತ್ತಲೇ ಗೊತ್ತಿರುವ ಪ್ರಶ್ನೆಗಳು. ಆ ಐದು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಅನ್ನೋದನ್ನೂ ಬರೆದಿಡುತ್ತೇನೆ.

ಆದರೆ ಸಂಶೋಧನೆ ಅಂದರೆ ಹೇಗಿರಬೇಕು ಅನ್ನೋದಕ್ಕೆ ನನಗೆ ಮಾದರಿ ಇವರೂ ಅಲ್ಲ. ಅದಕ್ಕೂ ಹಿಂದೆ ಹೋಗಬೇಕು, ಧಾರವಾಡಕ್ಕೆ ಹೋಗಬೇಕು.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಿಸಿಕೊಳ್ಳಿ ಅಂತ ಹೋದ. ಸೇರಿಸಲಿಲ್ಲ. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ಸರ್ಕಾರ ಜುಲೈನಲ್ಲಿ ಉತ್ತರ ಕೊಟ್ಟಿತು. ಅದರ ಸಾರ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಅನುಮಾನವಿಲ್ಲ, ಆದರೆ ಇವನೊಬ್ಬನಿಗಾಗಿ ಉಳಿದ ಜಾತಿಯ ಮಕ್ಕಳೆಲ್ಲ ಶಾಲೆ ಬಿಟ್ಟರೆ ಶಾಲೆಯೇ ಪಾಳು ಬೀಳುತ್ತದೆ, ಆದ್ದರಿಂದ ಬೇಡ. ನ್ಯಾಯ ನಿನ್ನದು, ಬಾಗಿಲು ಮಾತ್ರ ಅವರದು! ಇದು ಇಂಗ್ಲೆಂಡಿನವರೆಗೂ ಹೋಗಿ ಚರ್ಚೆಯಾಗಿ, 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಲ್ಲೇ ನಡೆಯುವ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕು ಅನ್ನುವ ನಿರ್ಣಯ ಬಂತು. ಕಾಗದದ ಮೇಲೆ ಬಂತು.

ಈ ಹುಡುಗನ ಕತೆ ನಮಗೆ ಗೊತ್ತಾದದ್ದು ಹೇಗೆ? 1928ರಲ್ಲಿ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಬಾಬಾಸಾಹೇಬರು ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣ ಸ್ಥಿತಿಯ ಬಗ್ಗೆ ಒಂದು ನಿವೇದನೆ ಕೊಟ್ಟರು. ಶಿಕ್ಷಣ ಇಲಾಖೆಯ ಹಳೇ ವರದಿಗಳ ಧೂಳು ಕೊಡವಿ, 72 ವರ್ಷದ ಹಿಂದಿನ ಈ ಕಡತವನ್ನು ಹೊರಗೆಳೆದು ಅದರಲ್ಲಿ ಇಟ್ಟರು. ಆಗ ಅವರ ಹತ್ತಿರ ಕೊಲಂಬಿಯಾ ಇತ್ತು, ಲಂಡನ್ನಿನ ಡಿ.ಎಸ್ಸಿ. ಇತ್ತು, ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪುಸ್ತಕ ಇತ್ತು. ಅಷ್ಟೆಲ್ಲ ಪಾಂಡಿತ್ಯ ಧಾರವಾಡದ ಒಬ್ಬ ಹುಡುಗನ ಅರ್ಜಿ ಹುಡುಕಲು ಕೆಲಸಕ್ಕೆ ಬಂತು. ಅವರು ಉಲ್ಲೇಖಿಸಿದ ಆ ಕಾಗದಗಳಲ್ಲಿ ಹುಡುಗನ ಹೆಸರಿಲ್ಲ, ಮಹಾರ್ ಜಾತಿಯ ಹುಡುಗ ಅಂತ ಅಷ್ಟೇ. ಅವನೂ ಒಂದು ಪಟ್ಟಿಯಲ್ಲೇ ಇದ್ದ ಅನ್ನಿ. ಆದರೆ ಇಲ್ಲಿ ಅವನು ವಕ್ತೃವಲ್ಲ, ಫಿರ್ಯಾದಿ.

ಅದಕ್ಕೂ ಒಂದು ವರ್ಷ ಮುಂಚೆ, 1927ರಲ್ಲಿ, ಮುಂಬಯಿ ಶಾಸನ ಸಭೆಯಲ್ಲಿ ಶಿಕ್ಷಣದ ಅನುದಾನದ ಮೇಲೆ ಅವರು ಮಾತಾಡಿದ್ದನ್ನು ಓದಬೇಕು. ತಲೆಗೆ ಹದಿನಾಲ್ಕಾಣೆ ಶಿಕ್ಷಣಕ್ಕೆ ಖರ್ಚು ಮಾಡುತ್ತೀರಿ, ಅದೇ ತಲೆಯಿಂದ ಹೆಂಡದ ಬಾಬ್ತು ಎರಡು ರೂಪಾಯಿಗೂ ಮಿಕ್ಕಿ ವಸೂಲು ಮಾಡುತ್ತೀರಿ ಅಂತ ಲೆಕ್ಕ ಹಾಕಿ ತೋರಿಸಿದರು. ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18 ಮಾತ್ರ ಅಂದರು. ಅವತ್ತು ಅವರು ಎಣಿಸಿದ್ದೂ ಶಾಲೆ ಬಿಟ್ಟ ಮಕ್ಕಳನ್ನೇ, ಇವತ್ತಿನ ಎಂ.ಎಡ್. ಪ್ರಬಂಧ ಎಣಿಸುವುದೂ ಅವರನ್ನೇ. ಅವರು ಬೆರಳು ತೋರಿಸಿದ್ದು ಖಜಾನೆಯ ಕಡೆಗೆ, ಇವರು ತೋರಿಸುವುದು ಗುಡಿಸಲ ಕಡೆಗೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಕೇಳಿದ್ದೂ ಇದೇ ಖಜಾನೆಯ ಮಾತು. ಕಂದಾಯ ಕಟ್ಟುವುದು ದುಡಿಯುವ ರೈತ, ಕಾಲೇಜಲ್ಲಿ ಕೂರುವುದು ಇನ್ಯಾರೋ, ಇದು ಯಾವ ಲೆಕ್ಕ ಅಂತ.

ಹಾಗಾಗಿ ಲೆಕ್ಕವನ್ನೇ, ಎಣಿಸುವುದನ್ನೇ ಬೈಯುವ ನಮ್ಮ ಕೆಲವು ಗೆಳೆಯರ ಜೊತೆ ನಾನಿಲ್ಲ. ಎಣಿಕೆ ನಮಗೆ ಕೊಟ್ಟಷ್ಟನ್ನು ಕಾವ್ಯ ಕೊಟ್ಟಿಲ್ಲ ಅನ್ನಬೇಕಾಗುತ್ತದೆ. ಸರ್ಕಾರದ ನೀತಿಯ ಹಿಂದೆ ನಿಂತ ಸಂಶೋಧನೆಗಳನ್ನೇ ನೋಡಿ. ಹಳೇ ಮೈಸೂರು ರಾಜ್ಯದ ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟಾಗ ಒಂದು ಅಳತೆಗೋಲು ಹಿಡಿದಿತ್ತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಆ ಜಾತಿಯ ಎಷ್ಟು ಮಕ್ಕಳಿದ್ದಾರೆ? ರಾಜ್ಯದ ಸರಾಸರಿ 6.9. ಲಿಂಗಾಯತರದು 7.1. ಬಿಂದುವಿನ ಆಚೆಗಿನ ಆ ಚಿಲ್ಲರೆಯ ಮೇಲೆ ಜಾತಿಗಳ ಹಣೆಬರಹ ನಿಂತಿತ್ತು. 1962ರಲ್ಲಿ ಸರ್ಕಾರ ಒಟ್ಟು ಶೇಕಡ 68 ಸೀಟು ಮೀಸಲಿಟ್ಟಿತು, ಅದೇ ವರ್ಷ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಆಮೇಲೆ ದೇವರಾಜ ಅರಸರ ಕಾಲಕ್ಕೆ ಎಲ್.ಜಿ. ಹಾವನೂರು ಬಂದರು. 1972ರಿಂದ 75ರವರೆಗೆ ಹಳ್ಳಿ ಸುತ್ತಿ, ಮನೆ ಮನೆ ಲೆಕ್ಕ ತೆಗೆದು, 1972ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಯಾವ ಜಾತಿಯ ಎಷ್ಟು ಮಕ್ಕಳು ಪಾಸಾದರು ಅಂತ ನೋಡಿದರು. ಎಸ್‌ಎಸ್‌ಎಲ್‌ಸಿ ಪಾಸೋ ಫೇಲೋ ಅನ್ನುವುದು ಹಳ್ಳಿಯಲ್ಲಿ ಎಂಥ ಗೋಡೆ ಅನ್ನೋದು ಅದಕ್ಕೆ ತಲೆ ಚಚ್ಚಿಕೊಂಡವರಿಗೆ ಗೊತ್ತು. ಬೇಡ ಸಮುದಾಯದಲ್ಲಿ ಹುಟ್ಟಿದ ಹಾವನೂರರಿಗೆ ಆ ಗೋಡೆ ಕಂಡಿತು ಅನ್ನುವುದರಲ್ಲಿ ಆಶ್ಚರ್ಯವೇನು? 1977ರಲ್ಲಿ ಅದರ ಮೇಲೆ ಸರ್ಕಾರಿ ಆದೇಶ ಬಂತು. ಡಾಕ್ಟರೇಟ್ ತರದ ಸಂಶೋಧನೆ ಅದು, ಆದರೆ ಹಿಂದುಳಿದ ಜಾತಿಗಳ ಎಷ್ಟು ಮನೆಗಳಿಗೆ ಮೊದಲ ಸಂಬಳದ ಚೀಟಿ ತಂದಿತು.

ಆದರೂ ಎಣಿಸುವವನ ಹಾಳೆ ಮುಂದೆ ನಿಂತಾಗ ಆಗುವ ಸಂಕಟ ಬೇರೆ. 2025ರ ಮೇ ತಿಂಗಳ ಬಿಸಿಲಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಸಮೀಕ್ಷೆಗೆ ನಮ್ಮನ್ನು ಹಾಕಿದರು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ್ದು. ಮೊಬೈಲ್ ಹಿಡಿದುಕೊಂಡು ಕೇರಿ ಕೇರಿ ಸುತ್ತಿದೆ. ಅವ್ವನ ಜಗಲಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದವರ ಜಾಗದಲ್ಲಿ ಈಗ ನಾನು.

‘ಯಾವ ಜಾತಿ ಬರ್ಕೊಳ್ಳಣಕ್ಕ?’

‘ಎ.ಕೆ. ಅಂತ ಬರ್ಕಳಿ ಮೇಷ್ಟ್ರೆ.’

‘ಎ.ಕೆ. ಅಂದ್ರೆ ಆದಿ ಕರ್ನಾಟಕ. ಅದ್ರೊಳಗೆ ಯಾವ್ದು ಅಂತ ಕೇಳ್ತಾರೆ.’

ಆಯಮ್ಮ ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. ತನ್ನ ಮನೆ ಮುಂದೆ, ತನ್ನ ಜನರ ನಡುವೆ, ತನ್ನವನೇ ಆದ ಮೇಷ್ಟ್ರಿಗೆ ತನ್ನ ಜಾತಿಯ ಹೆಸರನ್ನು ಗುಟ್ಟು ಹೇಳುವ ಹಾಗೆ ಹೇಳಿದಳು. ಹೊಲೆಯ, ಮಾದಿಗ ಅನ್ನುವ ಹೆಸರುಗಳು ಬೈಗುಳವಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಕಾಗದಗಳು ಕೊಟ್ಟ ಮರ್ಯಾದೆಯ ಹೆಸರು ಆದಿ ಕರ್ನಾಟಕ, ಆದಿ ದ್ರಾವಿಡ. ಒಂದು ಜಿಲ್ಲೆಯಲ್ಲಿ ಎ.ಕೆ. ಅಂದರೆ ಒಬ್ಬರು, ಇನ್ನೊಂದು ಜಿಲ್ಲೆಯಲ್ಲಿ ಇನ್ನೊಬ್ಬರು. ನಮಗೆ ಬಟ್ಟೆಯಾಗಲಿ ಅಂತ ಹೊದಿಸಿದ ಆ ಹೆಸರು ಒಳಗಿನ ಅಣ್ಣತಮ್ಮಂದಿರು ಯಾರು ಯಾರು ಅಂತ ಕಾಣದ ಹಾಗೆ ಮುಚ್ಚಿಹಾಕಿತು. ಈಗ ಪಾಲು ಹಂಚುವಾಗ ಆ ಬಟ್ಟೆ ತೆಗೆ ಅಂತಾರೆ. ತೆಗೆಯಬೇಕಾದದ್ದು ಹೌದು, ಮಾದಿಗ ಬಂಧುಗಳು ದಶಕಗಳಿಂದ ಕೇಳಿದ ನ್ಯಾಯ ಅದು, ತಡವಾಗಿಯೇ ಬಂತು. ನನ್ನ ಮಾತು ಬೇರೆ. ಆಯಮ್ಮ ದನಿ ತಗ್ಗಿಸಿದಳಲ್ಲ, ಅದಕ್ಕೆ ಆ ಮೊಬೈಲಿನಲ್ಲಿ ಜಾಗ ಇರಲಿಲ್ಲ. ನಾನೂ ಬೆರಳು ಒತ್ತಿ ಮುಂದಿನ ಪ್ರಶ್ನೆಗೆ ಹೋದೆ. ಟಕ್.

ಕಲೆ, ಶಿಕ್ಷಣ, ನೀತಿ ಅಂತ ಮೂರು ಕಡೆ ಮೂರು ಬೀರು. ಈ ಬೀರುಗಳು ಒಂದರೊಡನೊಂದು ಮಾತಾಡುವುದಿಲ್ಲ ಅನ್ನೋದೇ ನನ್ನ ದೊಡ್ಡ ತಕರಾರು. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರನ್ನು ನೆನೆಯಿರಿ. ಬುಡ್ಗ ಜಂಗಮರ ಹೆಣ್ಣು ಮಗಳು, ಅಕ್ಷರ ಕಲಿತವರಲ್ಲ, ಬುರ್ರಕತೆಯ ಹತ್ತಕ್ಕೂ ಹೆಚ್ಚು ಕಾವ್ಯಗಳನ್ನು ನಾಲಗೆ ಮೇಲೆ ಇಟ್ಟುಕೊಂಡಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟು ಗೌರವಿಸಿತು. ಹಾಡಿದವರೇ ಡಾಕ್ಟರಾದಂತೆ, ಒಳ್ಳೆಯ ಕೆಲಸ, ಮನಸ್ಸು ತುಂಬಿ ಬಂತು. 2014ರಲ್ಲಿ ಅವರು ತೀರಿಕೊಂಡರು. ಹನ್ನೊಂದು ವರ್ಷದ ಮೇಲೆ, 2025ರ ಆಗಸ್ಟ್ 4ರಂದು ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟಾಗ ಇದೇ ಬುಡ್ಗ ಜಂಗಮರೂ ಸೇರಿದಂತೆ ಅತಿ ಹಿಂದುಳಿದ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇಕಡ 1 ಕೊಡಿ ಅಂದಿತ್ತು. ಅದೇ ತಿಂಗಳು ಸರ್ಕಾರ 6, 6, 5 ಅಂತ ಮೂರು ಪಾಲು ಮಾಡಿದಾಗ ಆ ಒಂದು ಶೇಕಡ ಕಾಣೆಯಾಗಿತ್ತು. ತಮಗಿಂತ ಬಲವಾದ ಜಾತಿಗಳ ಜೊತೆ ಐದರ ಗುಂಪಿಗೆ ಅವರನ್ನು ಸೇರಿಸಿದರು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು.

ಆಗ ನಮ್ಮ ಜಾನಪದ ವಿದ್ವಾಂಸರು ಎಲ್ಲಿದ್ದರು? ಇವರ ಕಾವ್ಯಗಳ ಮೇಲೆ ಸಂಪುಟ ತಂದವರು, ವಿಚಾರ ಸಂಕಿರಣ ನಡೆಸಿದವರು, ಇವರ ಕಿನ್ನರಿ, ತಂಬೂರಿ, ಗುಮ್ಮಟೆಯ ಫೋಟೋ ಮುಖಪುಟಕ್ಕೆ ಹಾಕಿದವರು? ಇವರ ಮಕ್ಕಳು ಊರೂರು ತಿರುಗುತ್ತಾ ಯಾವ ಶಾಲೆಯ ಹಾಜರಿಯಲ್ಲೂ ನಿಲ್ಲುವುದಿಲ್ಲ ಅನ್ನೋದು ಗೊತ್ತಿರಬೇಕಾದದ್ದು ಅವರಿಗಲ್ಲವೆ? ಇವರ ಡೇರೆಗಳಲ್ಲಿ ರಾತ್ರಿ ಕಳೆದವರು ಅವರು. ಜಾತಿ ಸರ್ಟಿಫಿಕೇಟಿಗೆ ವಿಳಾಸ ಬೇಕು, ಅಲೆಯುವವನಿಗೆ ವಿಳಾಸ ಎಲ್ಲಿದೆ ಅನ್ನೋದನ್ನು ಆಯೋಗಕ್ಕೆ ಅವರಷ್ಟು ಚೆನ್ನಾಗಿ ಹೇಳಬಲ್ಲವರು ಯಾರು? ಕೆಲವರು ಹೇಳಿರಬಹುದು, ಅವರಿಗೆ ಶರಣು. ಉಳಿದವರಿಗೆ ಕಾವ್ಯ ಬೇಕು, ಕಾವ್ಯ ಹೇಳುವವಳ ಮೊಮ್ಮಗನ ಸೀಟಿನ ಮಾತು ಬೇಡ. ಅದು ಪಾಲಿಟಿಕ್ಸ್ ಅಂತೆ! ಒಂದೇ ಮನೆಯ ಅಜ್ಜಿ ಕಲಾ ವಿಭಾಗದಲ್ಲಿ ಮಹಾಕವಿ, ಮೊಮ್ಮಗ ಶಿಕ್ಷಣ ವಿಭಾಗದಲ್ಲಿ ಶಾಲೆ ಬಿಟ್ಟ ಮಗು, ಇಡೀ ಮನೆ ಸಮಾಜ ಕಲ್ಯಾಣದ ಕಡತದಲ್ಲಿ ಒಂದು ಅಂಕಿ. ಈ ಮೂವರೂ ಒಂದೇ ಒಲೆಯ ಅನ್ನ ಉಣ್ಣುತ್ತಾರೆ ಅನ್ನೋದು ಯಾವ ಪ್ರಬಂಧದಲ್ಲೂ ಬರುವುದಿಲ್ಲ.

ನಮ್ಮವರೇ ವಿಶ್ವವಿದ್ಯಾಲಯದ ಒಳಗೆ ಹೋದರೆ ಇದು ಬದಲಾದೀತು ಅಂತ ಒಂದು ಕಾಲಕ್ಕೆ ನಂಬಿದ್ದೆ. ಪೂರ್ತಿ ಸುಳ್ಳಾಗಲಿಲ್ಲ. ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು, ಹೊರಗಿನವರಿಗೆ ಬರೀ ರಕ್ತ, ಬಲಿ, ಮೌಢ್ಯ ಕಂಡ ಕಡೆ ಅವರಿಗೆ ಬಡವರ ಜೊತೆ ಸರಸವಾಡುವ, ಜಗಳವಾಡುವ ತಾಯಂದಿರು ಕಂಡರು. ಹಂಪಿಯಲ್ಲಿ ಜಾನಪದ ಕಲಿಸಿದ ಮೊಗಳ್ಳಿ ಗಣೇಶ್ 2025ರ ಅಕ್ಟೋಬರಿನಲ್ಲಿ ನಮ್ಮನ್ನಗಲಿದರು, ಅವರ ವಿಮರ್ಶೆಯ ಒಂದು ಪುಸ್ತಕದ ಹೆಸರೇ ‘ತಕರಾರು’. ಆದರೆ ಒಳಗೆ ಹೋದವರಿಗೆಲ್ಲ ಬಾಗಿಲು ಹಾಗೇ ತೆರೆದಿರುವುದಿಲ್ಲ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ಜೀವ ಬಿಟ್ಟಾಗ ಏಳು ತಿಂಗಳ ಫೆಲೋಷಿಪ್ ಬರಬೇಕಾಗಿತ್ತು, ಒಂದು ಲಕ್ಷ ಎಪ್ಪತ್ತೈದು ಸಾವಿರ. ಸಾಯುವ ಮುಂಚಿನ ಕಾಗದದಲ್ಲಿ ಆ ಲೆಕ್ಕವನ್ನೂ ಬರೆದಿದ್ದ.

ಇನ್ನು ಬದುಕಿ ಪದವಿ ಪಡೆದವರ ಮಾತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ನಮ್ಮ ಮನೆಯ ಕಸವನ್ನು ನಾವೇ ಗುಡಿಸಬೇಕು. ನಮ್ಮ ಹುಡುಗರು ಹುಡುಗಿಯರು ಬರೆದ ಪ್ರಬಂಧಗಳನ್ನೂ ಈಚೆಗೆ ಹಿಂದಿನಿಂದ ಓದಿದ್ದೇನೆ. ಅದೇ ಅನುಬಂಧ, ಅದೇ ಪಟ್ಟಿ. ಹರಿಜನ ಅನ್ನುವ ಕಡೆ ದಲಿತ ಬಂದಿದೆ, ಟೇಪ್ ರೆಕಾರ್ಡರ್ ಹೋಗಿ ಮೊಬೈಲ್ ಬಂದಿದೆ, ಪುಟ ತುಂಬ ಹೊಸ ಹೊಸ ಸಿದ್ಧಾಂತಿಗಳ ಹೆಸರು ಬಂದಿವೆ. ತನ್ನ ಸ್ವಂತ ಅಜ್ಜಿಯನ್ನೇ ಒಬ್ಬ ಸಂಶೋಧಕ ‘ವಕ್ತೃ 14’ ಅಂತ ಕರೆದದ್ದು ನೋಡಿದೆ. ಕೇಳಿದ್ದಕ್ಕೆ, ‘ಏನ್ಮಾಡ್ಲಿ ಸಾರ್, ಗೈಡು ಹಂಗೇ ಬರೀಬೇಕು ಅಂದ್ರು’ ಅಂದ. ಅವನ ಮೇಲೆ ಸಿಟ್ಟು ಮಾಡಲು ನನಗೇನು ಹಕ್ಕು? ಮೇ ತಿಂಗಳಲ್ಲಿ ಗುಂಡಿ ಒತ್ತಿದವನು ನಾನೇ ಅಲ್ಲವೆ.

ಕಳೆದ ದಸರಾ ರಜದಲ್ಲಿ ಮತ್ತೆ ಆ ಗ್ರಂಥಾಲಯಕ್ಕೆ ಹೋದೆ. ಹಿಂದುಳಿದ ವರ್ಗಗಳ ಆಯೋಗದ ಅರವತ್ತು ಪ್ರಶ್ನೆಗಳ ಸಮೀಕ್ಷೆಗೂ ನಮ್ಮನ್ನೇ ಹಾಕಿದ್ದರು, ಅದರ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಹೋದದ್ದು. ಆ ಪ್ರಬಂಧ ಅಲ್ಲೇ ಇತ್ತು, ಬೆನ್ನಿನ ಬಟ್ಟೆ ಕಿತ್ತಿತ್ತು. ಅವ್ವನ ಪದಗಳಿರುವ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಊರಿಗೆ ಬಂದೆ. ಅವ್ವ ಇಲ್ಲ. ಅವಳ ತಂಗಿ, ನನ್ನ ಚಿಕ್ಕವ್ವ ಇದ್ದಾಳೆ, ಎಪ್ಪತ್ತರ ಮೇಲಾಗಿದೆ, ಕಣ್ಣು ಮಂಜು, ಕಿವಿ ಚುರುಕು. ಸಂಜೆ ಜಗಲಿ ಮೇಲೆ ಕೂತು ಓದಿ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಕೇಳಿದಳು. ನಾಟಿ ಪದ ಮುಗಿದಾಗ ಕೈ ಅಡ್ಡ ಹಿಡಿದಳು.

‘ಅಷ್ಟೇಯ?’

‘ಅಷ್ಟೇ ಚಿಕ್ಕವ್ವ, ಇಷ್ಟೇ ಬರ್ದವ್ರೆ.’

‘ಇದು ಅರ್ಧ ಕನ ಮೊಗ. ಇದ ನಿಮ್ಮವ್ವ ಕಟ್ಟುದ್ದು ಯಾವಾಗ ಗೊತ್ತಾ? ಉಳ್ದುದ್ದ ಯಾರೂ ಕೇಳ್ನಿಲ್ವಾ?’

ನಾನು ಸ್ಕೂಲ್ ಬ್ಯಾಗಿನಿಂದ ಹಳೇ ಹಾಜರಿ ಪುಸ್ತಕ ತೆಗೆದು ಅದರ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯಲು ಕೂತೆ. ಅವಳು ಹೇಳುತ್ತಾ ಹೋದಳು, ನಡುನಡುವೆ ಹಾಡಿದಳು, ಮತ್ತೆ ಹೇಳಿದಳು. ತಾತನನ್ನು ಜೀತಕ್ಕೆ ಬಿಟ್ಟದ್ದು ಎಷ್ಟು ಸೇರು ರಾಗಿಗೆ, ಯಾವ ಮನೆಗೆ, ಎಷ್ಟು ವರ್ಷಕ್ಕೆ ಅನ್ನೋದೆಲ್ಲ ಬಂತು. ರಾತ್ರಿ ಕರೆಂಟು ಹೋದ ಮೇಲೆ ಮೊಬೈಲ್ ಬೆಳಕಲ್ಲಿ ಬರೆದೆ. ಒಟ್ಟು ಹನ್ನೊಂದು ಪುಟ ಆಯಿತು. ನಾಲ್ಕು ಪುಟ ಪದ, ಉಳಿದದ್ದೆಲ್ಲ ಮಾತು.